ಅಡ್ಮಿನ್ ಕೂಡ ಕೊನೆಭಾಗದ ರೈತನೇ

ನಮ್ಮ ಭದ್ರಾ ಅಚ್ಚುಕಟ್ಟಿನ ವಾಟ್ಸ್‌ಆ್ಯಪ್ ಗುಂಪು ಶುರುವಾದಾಗ ಅದಕ್ಕಿದ್ದದ್ದು ಒಂದೇ ನಿಯಮ: ನೀರಿನ ವಿಷಯದಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಅಧಿಕಾರಿಗಳನ್ನು ಬೈಯಬಹುದು, ಶಾಸಕರನ್ನು ಬೈಯಬಹುದು, ಅಡ್ಮಿನ್ ಆದ ನನ್ನನ್ನೂ ಬೈಯಬಹುದು. ಆ ನಿಯಮವನ್ನು ಬರೆದು ಗುಂಪಿನ ವಿವರಣೆಯಲ್ಲಿ ಹಾಕಿದವನು ನಾನೇ. ಹರಿಹರ ತಾಲ್ಲೂಕಿನಲ್ಲಿ, ನಾಲೆಯ ಕೊನೆಭಾಗದಲ್ಲಿ, ನನ್ನ ಗದ್ದೆಯಿದೆ. ನಿವೃತ್ತನಾಗುವವರೆಗೆ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಗುಂಪಿನಲ್ಲಿ ಎಲ್ಲರಿಗೂ ನಾನು ಮೇಷ್ಟ್ರು.

ಈ ಭಾಗದವರಲ್ಲದವರಿಗೆ ಒಂದು ಮಾತು. ಭದ್ರಾ ಜಲಾಶಯದ ಪೂರ್ಣಮಟ್ಟ 186 ಅಡಿ. ಮಳೆಗಾಲದಲ್ಲಿ ದಾವಣಗೆರೆ ಜಿಲ್ಲೆಯ ಭತ್ತದ ರೈತರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಈ ಅಂಕಿಯನ್ನೇ. ಬಲದಂಡೆ ನಾಲೆಯ ಮೇಲ್ಭಾಗದಲ್ಲಿ ಭದ್ರಾವತಿ, ಚನ್ನಗಿರಿ ಕಡೆಯ ಅಡಿಕೆ ತೋಟಗಳು. ಕೆಳಗೆ ಬರುತ್ತ ನಮ್ಮ ಗದ್ದೆಗಳು. ನೀರು ಬಿಟ್ಟಾಗ ಕೊನೆಗೆ ತಲುಪುವುದು ನಮಗೆ, ಕಡಿಮೆಯಾದಾಗ ಮೊದಲು ನಿಲ್ಲುವುದೂ ನಮಗೇ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವಲ್ಲ, ಆ ವರ್ಷ ಗುಂಪಿನಲ್ಲಿ ಯಾರಿಗೂ ತಾಳ್ಮೆ ಇರಲಿಲ್ಲ.

ಜಗಳಕ್ಕೆ ಕಾರಣವಾದದ್ದು ಒಂದು ಫೋಟೊ. ನಾಲೆಯ ಏರಿಯ ಮೇಲೊಂದು ಮೋಟಾರು, ಅದರಿಂದ ನೀರಿಗಿಳಿದ ನೀಲಿ ಪೈಪು, ಮೇಲೆ ತೆಂಗಿನ ಗರಿ ಮುಚ್ಚಿದ್ದರೂ ಒಂದು ಮೊಳ ಹೊರಗೇ ಕಾಣುತ್ತಿತ್ತು. ಕೆಳಗೆ ಮೇಲ್ಭಾಗದ ಆ ಜಮೀನಿನ ಮಾಲೀಕನ ಹೆಸರು, ಊರು, ಮೊಬೈಲ್ ನಂಬರು, ಕೊನೆಯಲ್ಲಿ ‘ನೀರುಗಳ್ಳನಿಗೆ ಎಲ್ಲರೂ ಫೋನ್ ಮಾಡಿ’ ಎಂಬ ಕರೆ. ಹಾಕಿದವನು ನಮ್ಮದೇ ಭಾಗದ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಅಕ್ರಮ ಪಂಪ್‌ಸೆಟ್‌ಗಳು ನೀರೆತ್ತುವುದು ಸುಳ್ಳಲ್ಲ. ಆ ಫೋಟೊವನ್ನು ನಾನೂ ಅನುಮಾನಿಸಲಿಲ್ಲ. ಆದರೆ ಆ ನಂಬರಿಗೆ ರಾತ್ರಿ ಫೋನ್ ಮಾಡಿ ಬೈಯುವವರ ಮಾತು ಕೇಳಬೇಕಾದವರು ಅವನ ಹೆಂಡತಿ ಮಕ್ಕಳು. ಸಂದೇಶವನ್ನು ಅಳಿಸಿದೆ. ಹೆಸರು, ನಂಬರು ತೆಗೆದು ಫೋಟೊ ಮತ್ತೆ ಹಾಕು ತಮ್ಮಾ ಎಂದು ಗುಂಪಿನಲ್ಲಿಯೇ ಬರೆದೆ.

ಅಡ್ಮಿನ್ ಏನನ್ನಾದರೂ ಅಳಿಸಿದರೆ ವಾಟ್ಸ್‌ಆ್ಯಪ್ ಆ ಜಾಗದಲ್ಲಿ ಅಡ್ಮಿನ್ ಅಳಿಸಿದ್ದಾರೆಂಬ ಒಂದು ಸಾಲನ್ನು ಉಳಿಸುತ್ತದೆ. ಮೂಲ ಸಂದೇಶವನ್ನು ನೋಡದವರಿಗೂ ಆ ಸಾಲು ಕಾಣುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದವರೆಲ್ಲ ‘ಏನಿತ್ತು? ಯಾರದಿತ್ತು?’ ಎಂದು ಎದ್ದು ಕುಳಿತರು. ಹುಡುಗ ಬರೆದ: ‘ಮೇಷ್ಟ್ರೇ, ಸತ್ಯ ಹೇಳಿದರೆ ಅಳಿಸುತ್ತೀರಾ? ಸಂವಿಧಾನದ 19ನೇ ವಿಧಿ ನಮಗೆ ಹೇಳಿಕೊಟ್ಟವರು ನೀವೇ ಅಲ್ಲವೇ?’

ಹೌದು, ಹೇಳಿಕೊಟ್ಟವನು ನಾನೇ. 19(1)(ಎ) ವಿಧಿ ಕೊಡುವ ವಾಕ್ ಸ್ವಾತಂತ್ರ್ಯ ಸರ್ಕಾರದ ಎದುರು ಕೊಟ್ಟ ರಕ್ಷಣೆ, ಅಡ್ಮಿನ್ ಎದುರು ಅಲ್ಲ. ಇದನ್ನು ಬರೆದು ಹಾಕಿದೆ. ಕಾನೂನಿನ ಪ್ರಕಾರ ಸರಿ, ಜಗಳದ ಮಟ್ಟಿಗೆ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ‘ಏನು ಬೇಕಾದರೂ ಹೇಳಬಹುದು’ ಎಂದು ಮಾತು ಕೊಟ್ಟದ್ದು ಸರ್ಕಾರವಲ್ಲ, ನಾನು. ಇನ್ನೊಂದು ಕಡೆಯಿಂದ ಹಿರಿಯರೊಬ್ಬರು, ‘ಇಂಥದ್ದನ್ನೆಲ್ಲ ಬಿಟ್ಟರೆ ಅಡ್ಮಿನ್ ಜೈಲಿಗೆ ಹೋಗುತ್ತಾರೆ, ಗುಂಪನ್ನೇ ಮುಚ್ಚಿ’ ಎಂದರು. ಆ ಭಯ ಎಲ್ಲ ಗುಂಪುಗಳಲ್ಲಿಯೂ ಇದೆ. ಕಿರಿಕಿರಿಯಾಗುವಂಥದ್ದನ್ನು ಬರೆದರೂ ಬಂಧಿಸಲು ಅವಕಾಶವಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿಯೇ ರದ್ದು ಮಾಡಿದೆ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಗಾರನಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಹಾಗಾಗಿ ನಾನು ಅಳಿಸಿದ್ದು ಜೈಲಿನ ಭಯದಿಂದಲ್ಲ, ಅದನ್ನೂ ಹೇಳಿದೆ.

ಆದರೆ ವಾದದ ಅಡಿಯಲ್ಲಿ ಬೇರೆಯೇ ಒಂದು ಅನುಮಾನವಿತ್ತು. ಅದನ್ನು ಬಾಯಿಬಿಟ್ಟವರು ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು: ‘ಇವತ್ತು ಮೇಷ್ಟ್ರು ನಮ್ಮವನ ನಂಬರು ಅಳಿಸಿದರು, ಸರಿ. ನಾಳೆ ನಮ್ಮ ಮಾತನ್ನೂ ಅಳಿಸಿದರೆ? ಅವರೂ ಕೊನೆಭಾಗದವರೇ.’ ಇತ್ತ ನಮ್ಮ ಕಡೆಯವರು, ಮೇಷ್ಟ್ರು ಮೇಲ್ಭಾಗದವರಿಗೆ ಹೆದರಿದರು ಎನ್ನುತ್ತಿದ್ದರು. ಇಬ್ಬರ ಮಾತಿನ ಸಾರ ಒಂದೇ. ಯಾವ ಮಾತು ಸರಿ, ಯಾವುದು ತಪ್ಪು ಎಂಬುದಕ್ಕಿಂತ, ನೀರಿನ ಪಾಲುದಾರನೊಬ್ಬ ಅಳಿಸುವ ಗುಂಡಿಯನ್ನೂ ಕೈಯಲ್ಲಿ ಇಟ್ಟುಕೊಂಡಿದ್ದಾನೆ ಎಂಬುದೇ ಅವರಿಗೆ ಚುಚ್ಚುತ್ತಿತ್ತು. ಎಷ್ಟು ನಿಷ್ಪಕ್ಷಪಾತಿಯಾಗಿದ್ದರೂ ನನ್ನ ಗದ್ದೆ ಮೇಲ್ಭಾಗಕ್ಕೆ ಜರುಗುವುದಿಲ್ಲವಲ್ಲ.

ಅದೇ ಬೆಳೆಗಾರರನ್ನು ಎರಡನೇ ಅಡ್ಮಿನ್ ಮಾಡಿದೆ. ಅಳಿಸುವ ಮೊದಲು ಒಬ್ಬರಿಗೊಬ್ಬರು ಫೋನ್ ಮಾಡಬೇಕು, ಇಬ್ಬರೂ ಒಪ್ಪಿದರೆ ಮಾತ್ರ ಅಳಿಸುವುದು, ಅಳಿಸಿದ ಕೂಡಲೇ ಕಾರಣವನ್ನು ಗುಂಪಿನಲ್ಲಿ ಬರೆಯುವುದು. ಏನನ್ನು ಅಳಿಸುತ್ತೇವೆ ಎಂಬುದನ್ನೂ ಮೊದಲೇ ಬರೆದಿಟ್ಟೆವು: ಬೇರೆಯವರ ನಂಬರು ಮತ್ತು ಮನೆಯ ವಿವರ, ಹೊಡೆಯುವ ಬೆದರಿಕೆ, ಜಾತಿ ಎತ್ತಿ ಬೈಯುವುದು. ಬರಿ ಬೈಗುಳವನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಸೇರಿಸಿ ಎಂದು ಬಹಳ ಜನ ಕೇಳಿದರು. ನೀರಿಲ್ಲದೆ ಗದ್ದೆ ಬಿರುಕು ಬಿಟ್ಟವನಿಗೆ ಸಭ್ಯ ಭಾಷೆಯಲ್ಲಿ ಮಾತನಾಡು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸುಳ್ಳು ಸುದ್ದಿಯನ್ನೂ ಅಳಿಸುವುದಿಲ್ಲ. ‘ನಾಳೆಯಿಂದ ನಾಲೆ ಬಂದ್’ ಎಂಬಂಥವು, ಹಲವು ಕೈ ದಾಟಿ ಫಾರ್ವರ್ಡ್ ಆಗಿದೆ ಎನ್ನುವ ಜೋಡಿ ಬಾಣದ ಗುರುತು ಹೊತ್ತು ಎಲ್ಲಿಂದಲೋ ಬರುತ್ತವೆ. ಅಳಿಸಿದರೆ ಅದು ಹತ್ತು ಪಟ್ಟು ನಿಜವಾಗಿ ಕಾಣುತ್ತದೆ. ಅದರ ಕೆಳಗೇ ಆ ದಿನದ ಜಲಾಶಯದ ಮಟ್ಟ, ಒಳಹರಿವು, ನೀರಾವರಿ ಸಲಹಾ ಸಮಿತಿ ತೀರ್ಮಾನದ ಪತ್ರಿಕಾ ವರದಿ ಹಾಕುತ್ತೇವೆ. ಇದು ಅಳಿಸುವುದಕ್ಕಿಂತ ಹೆಚ್ಚು ಕೆಲಸ. ಸಸಿಮಡಿ ಹಾಕುವ ಹೊತ್ತಿನಲ್ಲಂತೂ ದಿನವೆಲ್ಲ ಮೊಬೈಲೇ ಕೈಯಲ್ಲಿ. ಬರೆದದ್ದನ್ನಾದರೂ ಕಣ್ಣಾಡಿಸಿ ಮುಗಿಸಬಹುದು. ಧ್ವನಿ ಸಂದೇಶವನ್ನು ಪೂರ್ತಿ ಕೇಳಲೇಬೇಕು. ಎಂಟು ನಿಮಿಷ ಗೊಬ್ಬರದ ದರದ ಬಗ್ಗೆ ಮಾತನಾಡಿ ಒಂಬತ್ತನೆಯ ನಿಮಿಷದಲ್ಲಿ ಬೆದರಿಕೆ ಹಾಕುವ ಪುಣ್ಯಾತ್ಮರಿದ್ದಾರೆ.

ಫೋಟೊ ಹಾಕಿದ ಹುಡುಗ ಈ ವ್ಯವಸ್ಥೆಯನ್ನು ಒಪ್ಪಲಿಲ್ಲ. ಏನನ್ನೂ ಅಳಿಸುವುದಿಲ್ಲವೆಂದು ಘೋಷಿಸಿ ಬೇರೆ ಗುಂಪು ಮಾಡಿದ, ನಮ್ಮವರು ಬಹಳಷ್ಟು ಜನ ಅಲ್ಲಿಗೂ ಸೇರಿದರು. ಶುಭೋದಯದ ಹೂವು, ಸಾಲದ ಆ್ಯಪ್, ಚುನಾವಣೆಯ ವಿಡಿಯೊ ಎಲ್ಲವೂ ಬಂದು ಬಿದ್ದು, ನೀರಿನ ಸುದ್ದಿ ಹುಡುಕಿದರೂ ಸಿಗದಂತಾಯಿತು. ಕೊನೆಗೆ ಅವನು ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿದ. ನಾನು ಅಲ್ಲಿ ಏನೂ ಬರೆಯಲಿಲ್ಲ. ಬರೆಯಲು ಆಗುತ್ತಲೂ ಇರಲಿಲ್ಲ.

ಈಗ ಅವನು ನಮ್ಮ ಗುಂಪಿಗೆ ಮೂರನೇ ಅಡ್ಮಿನ್ ಆಗುತ್ತೇನೆ ಎನ್ನುತ್ತಿದ್ದಾನೆ. ಕಷ್ಟ ಏನೆಂದು ತಿಳಿದವನು, ಆಗಲಿ ಎಂಬುದು ನನ್ನ ಅಭಿಪ್ರಾಯ. ಕೊನೆಭಾಗದವರು ಇಬ್ಬರಾಗುತ್ತಾರೆ ಎಂಬುದು ಚನ್ನಗಿರಿಯವರ ತಕರಾರು, ಅದೂ ನ್ಯಾಯವೇ. ಮಧ್ಯಭಾಗದವರೊಬ್ಬರು ಸಿಕ್ಕರೆ ಅವರನ್ನೂ ಸೇರಿಸಿ ನಾಲ್ವರಾಗೋಣ ಎಂದುಕೊಂಡಿದ್ದೇವೆ. ಕೇಳಿದವರು ಯಾರೂ ಇನ್ನೂ ಹ್ಞೂಂ ಎಂದಿಲ್ಲ.