ಇಂಗ್ಲೆಂಡ್‌ನಲ್ಲಿ ಮಗುವಿನ ತಲೆಗೆ ಪೆಟ್ಟಾದರೆ: ಮೈಂಡ್‌ಫುಲ್‌ನೆಸ್‌ಗೂ ಮುಂಚೆ ಕೇಳಬೇಕಾದ್ದು

ಮಗು ಆಸ್ಪತ್ರೆಯಿಂದ ಬಂದು ತಿಂಗಳುಗಳಾಗಿವೆ, ನೋಡಲು ಆರಾಮಾಗೇ ಇದೆ. ಆದರೆ ಸ್ಕೂಲಿಂದ ಬಂದ ಕೂಡಲೇ ಸುಸ್ತು, ಸಣ್ಣದಕ್ಕೂ ಸಿಡಿಮಿಡಿ, ಓದಿದ್ದು ನೆನಪಿರುವುದಿಲ್ಲ. ಯಾರೋ 'ಮೈಂಡ್‌ಫುಲ್‌ನೆಸ್ ಥೆರಪಿ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ) ಕೊಡಿಸಿ' ಅನ್ನುತ್ತಾರೆ, ನಾವು ಪ್ರೈವೇಟ್ ಕ್ಲಾಸ್ ಹುಡುಕಲು ಕೂರುತ್ತೇವೆ. ಸ್ವಲ್ಪ ತಡೆಯಿರಿ.

ಮೊದಲು ಜಿಪಿಗೋ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೋ ಹೇಳಿ ಪೀಡಿಯಾಟ್ರಿಕ್ ನ್ಯೂರೋಸೈಕಾಲಜಿಗೆ, ಅಂದರೆ ಮೆದುಳಿನ ಪೆಟ್ಟಿನಿಂದ ಮಗುವಿನ ಯೋಚನೆ, ನಡವಳಿಕೆ ಹೇಗೆ ಬದಲಾಗಿದೆ ಅಂತ ನೋಡುವ ತಜ್ಞರಿಗೆ, ರೆಫರಲ್ ಕೇಳಿ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ವಾ, ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಇದಕ್ಕೆ ಬೇರೆ ದುಡ್ಡಿಲ್ಲ. ಕಾಯುವುದು ಮಾತ್ರ ಇದ್ದೇ ಇದೆ. ತೊಂದರೆ ಇರುವುದು ಗಮನದಲ್ಲೋ, ನೆನಪಿನಲ್ಲೋ, ಸಿಟ್ಟಿನ ಹತೋಟಿಯಲ್ಲೋ ಅಂತ ಅವರು ಪರೀಕ್ಷೆ ಮಾಡಿ ಹೇಳಬೇಕು, ಯಾಕೆಂದರೆ ಗಮನವೇ ನಿಲ್ಲದ ಮಗುವನ್ನು ಕಣ್ಣು ಮುಚ್ಚಿಸಿ ಇಪ್ಪತ್ತು ನಿಮಿಷ ಕೂರಿಸಿದರೆ ಅದಕ್ಕೆ ಹಿಂಸೆಯೇ ಹೊರತು ಚಿಕಿತ್ಸೆ ಅಲ್ಲ. ತಿಳಿದವರು ಮೈಂಡ್‌ಫುಲ್‌ನೆಸ್ ಅನ್ನು ಚಿಕ್ಕದಾಗಿ ಮಾಡಿಸುತ್ತಾರೆ: ಕಣ್ಣು ಬಿಟ್ಟೇ, ಒಂದೆರಡು ನಿಮಿಷ, ಸುತ್ತಲಿನ ಸದ್ದು ಕೇಳಿಸಿಕೊಳ್ಳುವುದು, ನಡೆಯುವಾಗ ಪಾದದ ಮೇಲೆ ಗಮನ ಇಡುವುದು.

ಅತಿಯಾದ ನಿರೀಕ್ಷೆಯೂ ಬೇಡ. ಇಲ್ಲಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮೈರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಮೈಂಡ್‌ಫುಲ್‌ನೆಸ್ ಪಾಠ ಆದ ಶಾಲೆಗಳ ಮಕ್ಕಳು ಮಾಮೂಲಿ ಪಾಠದ ಶಾಲೆಗಳವರಿಗಿಂತ ಮಾನಸಿಕವಾಗಿ ಚೆನ್ನಾಗೇನೂ ಇರಲಿಲ್ಲ. ಅವರು ಪೆಟ್ಟಾದ ಮಕ್ಕಳಲ್ಲ, ನಿಜ. ಆದರೂ ಪೌಂಡ್ ಎಣಿಸಿಕೊಡುವ ಮುಂಚೆ ಇದು ಗೊತ್ತಿರಲಿ.

ಇನ್ನು ಊರಿಂದ 'ಪ್ರಾಣಾಯಾಮ ಮಾಡಿಸು' ಅಂತ ಫೋನ್ ಬರುತ್ತದೆ. ನಿಧಾನ ಉಸಿರಾಟ ಸರಿ, ಆದರೆ ಉಸಿರು ಕಟ್ಟುವುದು, ಶೀರ್ಷಾಸನ ಇವೆಲ್ಲ ಡಾಕ್ಟರನ್ನು ಕೇಳದೆ ಖಂಡಿತ ಬೇಡ.

ಪ್ರೈವೇಟ್‌ಗೇ ಹೋಗುವುದಾದರೆ ಎಚ್‌ಸಿಪಿಸಿ ರಿಜಿಸ್ಟರ್‌ನಲ್ಲಿ, ಅಂದರೆ ಸೈಕಾಲಜಿಸ್ಟ್‌ಗಳಂಥವರನ್ನು ನೋಂದಾಯಿಸುವ ಸಂಸ್ಥೆಯ ಪಟ್ಟಿಯಲ್ಲಿ, ಥೆರಪಿ ಕೊಡುವವರ ಹೆಸರು ಇದೆಯಾ ನೋಡಿ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಇಲ್ಲಿ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂತ ಸುಮ್ನೆ ಹಾಕಿಕೊಳ್ಳುವ ಹಾಗಿಲ್ಲ, 'ಮೈಂಡ್‌ಫುಲ್‌ನೆಸ್ ಥೆರಪಿಸ್ಟ್' ಅಂತ ಯಾರು ಬೇಕಾದರೂ ಬೋರ್ಡ್ ಹಾಕಬಹುದು.

ನನ್ನ ಕೇಳಿದರೆ ಥೆರಪಿಗಿಂತ ಸ್ಕೂಲ್ ಮುಖ್ಯ. ದಿನದ ಆರು ತಾಸು ಮಗು ಇರುವುದು ಅಲ್ಲೇ. ಸೆನ್ಕೋಗೆ, ಅಂದರೆ ವಿಶೇಷ ಅಗತ್ಯ ಇರುವ ಮಕ್ಕಳನ್ನು ನೋಡಿಕೊಳ್ಳುವ ಟೀಚರಿಗೆ, ಆಸ್ಪತ್ರೆಯ ಪತ್ರ ಕೊಟ್ಟು ನಡುನಡುವೆ ವಿಶ್ರಾಂತಿ, ಗಲಾಟೆ ಇಲ್ಲದ ಜಾಗ, ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಿ. ಸಾಲದಿದ್ದರೆ ಇಎಚ್‌ಸಿ ಪ್ಲ್ಯಾನ್‌ಗೆ, ಅಂದರೆ ಮಗುವಿಗೆ ಯಾವ ನೆರವು ಸಿಗಬೇಕು ಅಂತ ಕಾನೂನುಬದ್ಧವಾಗಿ ಬರೆದಿಡುವ ಯೋಜನೆಗೆ, ಕೌನ್ಸಿಲ್‌ಗೆ ನೀವೇ ಬರೆಯಬಹುದು, ಸ್ಕೂಲ್ ಒಪ್ಪಲೇಬೇಕು ಅಂತಿಲ್ಲ. ಪರಿಶೀಲಿಸುವುದೋ ಇಲ್ಲವೋ ಅಂತ ಕೌನ್ಸಿಲ್ 6 ವಾರದಲ್ಲಿ ಹೇಳಬೇಕು, ಪ್ಲ್ಯಾನ್ ಕೊಡುವುದಾದರೆ 20 ವಾರದೊಳಗೆ ಮುಗಿಸಬೇಕು. ಅದು ಕಾನೂನು, ಎಷ್ಟೋ ಕಡೆ ತಡವಾಗುವುದು ವಾಸ್ತವ. ಕೌನ್ಸಿಲ್ ಆಗಲ್ಲ ಅಂದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಚೈಲ್ಡ್ ಬ್ರೇನ್ ಇಂಜುರಿ ಟ್ರಸ್ಟ್ ಇಂಥ ಮನೆಗಳಿಗೇ ನೆರವಾಗುವ ಸಂಸ್ಥೆ, ಸಂಕೋಚವಿಲ್ಲದೆ ಕೇಳಿ.

ವೀಸಾದಲ್ಲಿರುವವರಿಗೆ ಒಂದು ಎಚ್ಚರಿಕೆ. ಎನ್‌ಎಚ್‌ಎಸ್ ಚಿಕಿತ್ಸೆ, ಸರ್ಕಾರಿ ಶಾಲೆ, ಇಎಚ್‌ಸಿ ಪ್ಲ್ಯಾನ್ ಯಾವುದೂ 'ಪಬ್ಲಿಕ್ ಫಂಡ್ಸ್' (ಇಮಿಗ್ರೇಷನ್ ನಿಯಮದಲ್ಲಿ ಹೆಸರಿಸಿದ ಸರ್ಕಾರಿ ನೆರವುಗಳು) ಲೆಕ್ಕಕ್ಕೆ ಬರುವುದಿಲ್ಲ, ಧೈರ್ಯವಾಗಿ ಕೇಳಿ. ಆದರೆ ಮಕ್ಕಳ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್, ಅಂದರೆ ಅಂಗವಿಕಲ ಮಕ್ಕಳ ಭತ್ಯೆ, ಆ ಲೆಕ್ಕಕ್ಕೆ ಬರುತ್ತದೆ. ವೀಸಾ ಮೇಲೆ 'ನೋ ಪಬ್ಲಿಕ್ ಫಂಡ್ಸ್' ಅಂತ ಇದ್ದರೆ ಆ ಅರ್ಜಿಗೆ ಮುಂಚೆ ಇಮಿಗ್ರೇಷನ್ ಸಲಹೆಗಾರರನ್ನು ಕೇಳಿಕೊಳ್ಳಿ.