ಮೂರು ವಯಸ್ಸಿನ ಮಕ್ಕಳು, ಒಂದೇ ಕಡಲತೀರ: ನಾಲ್ಕನೇ ಸಲಕ್ಕೆ ಕೂಡಿಬಂದ ಪ್ರವಾಸ

"ಒಂದೇ ಊರಲ್ಲಿ ನಾಲ್ಕು ದಿನ ಕೂತು ಏನ್ ಮಾಡ್ತೀಯಮ್ಮಾ? ಅಲ್ಲಿ ಮರಳು ಬಿಟ್ರೆ ಏನಿದೆ?" ಹೊರಡುವ ಹಿಂದಿನ ದಿನ ನಮ್ಮ ಭಾವ ಫೋನಿನಲ್ಲಿ ಕೇಳಿದ ಮಾತಿದು. ಅತ್ತೆಗೂ ಅದೇ ಅನುಮಾನ. ನಮ್ಮನೆಯವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡರು. ವಾಪಸ್ ಬರುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ.

ಮಗಳಿಗೆ 14, ಮಗನಿಗೆ 8. ತಂಗಿಯ ಮಗುವಿಗೆ ಎರಡು ತುಂಬಿ ಸ್ವಲ್ಪ ದಿನ. ಇಂಥ ಮೂವರನ್ನು ಒಟ್ಟಿಗೆ ಕಡಲಿಗೆ ಕರೆದುಕೊಂಡು ಹೋದವರಿಗೆ ಪಾಡು ಗೊತ್ತೇ ಇರುತ್ತದೆ, ಅಲ್ವಾ? ದೊಡ್ಡವಳಿಗೆ ಬೇಜಾರು, ನಡುವಿನವನಿಗೆ ಅಲೆ ಸಾಲದು, ಚಿಕ್ಕದಕ್ಕೆ ಅಲೆ ಕಂಡರೆ ಅಳು.

ಮೊದಲ ಸಲ ಎಲ್ಲರ ಹಾಗೆ ನಾವೂ ಗಾಡಿ ಮಾಡಿಕೊಂಡು ಗೋಕರ್ಣ, ಮುರ್ಡೇಶ್ವರ, ಮರವಂತೆ, ಉಡುಪಿ ಎಂದು ಮೂರು ದಿನದಲ್ಲಿ ಮುಗಿಸಿದ್ದೆವು. ಹೆಚ್ಚು ಕಮ್ಮಿ 22 ಗಂಟೆ ಗಾಡಿಯಲ್ಲೇ ಕಳೆಯಿತು. ಘಾಟಿಯಲ್ಲಿ ಮಗ ನಾಲ್ಕು ಸಲ ವಾಂತಿ ಮಾಡಿಕೊಂಡ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಹೈವೇ. ಅಂಥ ಜಾಗದಲ್ಲಿ ನಾವು ನಿಂತದ್ದು ಹದಿನೈದು ನಿಮಿಷ. ಖರ್ಚು 38 ಸಾವಿರ. ಎರಡನೇ ಸಲ ರೆಸಾರ್ಟ್. ಎರಡು ರಾತ್ರಿಗೆ 46 ಸಾವಿರ ಕೊಟ್ಟೆವು. ಮಗ ಈಜುಕೊಳ ಬಿಟ್ಟು ಏಳಲಿಲ್ಲ, ಮಗಳು ಫೋನ್ ಬಿಡಲಿಲ್ಲ. ಕಡಲು ಇನ್ನೂರು ಹೆಜ್ಜೆ ದೂರದಲ್ಲಿ ಇದ್ದೂ ಇಲ್ಲದ ಹಾಗಾಯಿತು. ಮೂರನೇ ಸಲ ರಜೆ ಸಿಗುತ್ತದೆ ಎಂದು ಮೇ ತಿಂಗಳಲ್ಲಿ ಹೋದೆವು. ಹತ್ತು ಗಂಟೆಗೇ ಮರಳು ಕಾವಲಿಯಂತೆ ಸುಡುತ್ತಿತ್ತು. ಆ ಸಲ ಎರಡನೇ ದಿನಕ್ಕೇ ವಾಪಸ್.

ನಾಲ್ಕನೇ ಸಲ ನಾನು ಹಟ ಹಿಡಿದೆ. ಊರು ಒಂದೇ, ಮನೆ ಒಂದೇ, ಬಾಡಿಗೆ ಕಾರು ಬೇಡ. ಆರಿಸಿಕೊಂಡದ್ದು ಉಡುಪಿ ಹತ್ತಿರದ ಕೋಡಿ ಬೆಂಗ್ರೆ ಕಡೆಯ ಮರಳಿನ ಪಟ್ಟಿ. ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಹೋದರೆ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸುವರ್ಣಾ ನದಿ. ನಡುವೆ ಒಂದು ರಸ್ತೆ, ತೆಂಗಿನ ತೋಟ, ಮನೆಗಳು, ಅಷ್ಟೇ. ಅಲೆ ಬೇಕಾದವರಿಗೆ ಕಡಲು, ಅಲೆಗೆ ಹೆದರುವವರಿಗೆ ಹೊಳೆದಂಡೆ. ಎರಡಕ್ಕೂ ನಡೆದೇ ಹೋಗಬಹುದು. ಕೆಳಗೆ ಎರಡು ಕೋಣೆ, ಹೊರಗೊಂದು ಜಗಲಿ ಇರುವ ಮನೆ ದಿನಕ್ಕೆ 3,500ಕ್ಕೆ ಸಿಕ್ಕಿತು. ಆ ದರಕ್ಕೆ ಹೇಗೆ ಸಿಕ್ಕಿತು ಎಂಬುದನ್ನು ಮಾತ್ರ ಕೇಳಬೇಡಿ. ಮುಂದಿನ ವರ್ಷವೂ ನಮಗೆ ಅದೇ ಮನೆ ಬೇಕು!

ಬೆಂಗಳೂರಿಂದ ಸಂಜೆ ಹೊರಡುವ ಪಂಚಗಂಗಾ ರೈಲು ಹತ್ತಿದೆವು. ಘಾಟಿ ಇಳಿಯುವಾಗ ಮಕ್ಕಳೆಲ್ಲ ನಿದ್ದೆಯಲ್ಲಿದ್ದರು. ಯಾರಿಗೂ ವಾಂತಿ ಇಲ್ಲ. ಉಡುಪಿ ಸ್ಟೇಷನ್ನಿನಿಂದ ಎರಡು ಆಟೋ ಹಿಡಿದೆವು.

ದಿನಗಳನ್ನು ಆರಿಸುವಾಗ ರಜೆಗಿಂತ ಮೊದಲು ನಾನು ನೋಡಿದ್ದು ಹುಣ್ಣಿಮೆ ಯಾವತ್ತು ಎಂದು. ಕಡಲಿನ ಭರತ-ಇಳಿತದ ಹೊತ್ತು ಚಂದ್ರನನ್ನು ಹಿಡಿದೇ ನಡೆಯುತ್ತದಲ್ಲ. ಜನವರಿ ಕೊನೆಯಲ್ಲಿ ಹುಣ್ಣಿಮೆ ಕಳೆದ ಎರಡನೇ ದಿನ ಅಲ್ಲಿದ್ದೆವು. ಆಗ ಬೆಳಗ್ಗೆ ಏಳರ ಆಸುಪಾಸಿಗೆ ಇಳಿತ ಸಿಗುತ್ತದೆ. ದಿನ ಕಳೆದಂತೆ ಅದು ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಇಳಿತದಲ್ಲಿ ನೀರು ಹಿಂದೆ ಸರಿದು ಮರಳಿನ ತಗ್ಗುಗಳಲ್ಲಿ ಮೊಣಕಾಲಿಗಿಂತ ಕಮ್ಮಿ ನೀರು ನಿಲ್ಲುತ್ತದೆ. ಎರಡು ವರ್ಷದ ಮಗುವಿಗೆ ಅದಕ್ಕಿಂತ ಒಳ್ಳೆಯ ಕೊಳ ಬೇಕಾ? ಬಿಸಿಲು ಏರುವ ಮೊದಲೇ ಎರಡು ತಾಸು ಆಟ ಮುಗಿಯುತ್ತದೆ. ಹತ್ತಕ್ಕೆ ಸ್ನಾನ, ಊಟ, ನಿದ್ದೆ. ಮಗು ಮಲಗುವ ಹೊತ್ತನ್ನು ನಾಲ್ಕೂ ದಿನ ಒಂದು ನಿಮಿಷವೂ ಅಲ್ಲಾಡಿಸಲಿಲ್ಲ. ಇಡೀ ಪ್ರವಾಸದ ಗೂಟ ಅದೇ.

ಮಗಳಿಗೆ ಒಂದು ಕೆಲಸ ಕೊಟ್ಟೆ. ಭರತ-ಇಳಿತದ ಲೆಕ್ಕ ಅವಳದು. ಎಷ್ಟು ಹೊತ್ತಿಗೆ ನೀರಿಗಿಳಿಯಬೇಕು, ಯಾವಾಗ ಏಳಬೇಕು ಎಂಬುದು ಅವಳ ಮಾತು, ನಾವು ದೊಡ್ಡವರೂ ಕೇಳಬೇಕು. ಮೊದಲ ದಿನ ಸುಮ್ನೆ ಮೊಬೈಲ್ ನೋಡಿ ಹೇಳಿದಳು. ಎರಡನೇ ದಿನ ಎಲ್ಲಿಂದಲೋ ತೆಂಗಿನ ಗರಿಯ ಕಡ್ಡಿಗಳ ಕಟ್ಟು ತಂದಳು. ಕಾಲು ಗಂಟೆಗೊಮ್ಮೆ ನೀರು ಮುಟ್ಟಿದ ಜಾಗದಲ್ಲಿ ಒಂದೊಂದು ಕಡ್ಡಿ ನೆಟ್ಟಳು. ತಮ್ಮ ಅವಳ ಹಿಂದೆ ಹಿಂದೆ ಓಡುತ್ತಾ ಹೆಜ್ಜೆ ಎಣಿಸಿದ. ಇಳಿತದ ತುದಿ ಮುಟ್ಟುವಾಗ ಎರಡು ಕಡ್ಡಿಗಳ ನಡುವೆ ಒಂದೇ ಗೇಣು ಉಳಿದಿತ್ತು. "ಅಮ್ಮಾ, ನೀರು ನಿಂತಿತು ನೋಡು!" ಎಂದು ಕೂಗಿದಳು. ಫೋನ್ ಜಗಲಿಯಲ್ಲೇ ಬಿದ್ದಿತ್ತು. ಅವಳನ್ನು ಇದಕ್ಕೆ ಒಪ್ಪಿಸಿದ್ದು ಹೇಗೆ ಎಂಬುದು ನನ್ನ ಅವಳ ನಡುವಿನ ಒಪ್ಪಂದ, ಅದು ಇಲ್ಲಿ ಬೇಡ.

ಇನ್ನೊಂದು ಕೆಂಪು ಟೋಪಿಯ ನಿಯಮ. ಟೋಪಿ ಯಾರ ತಲೆ ಮೇಲಿದೆಯೋ ನೀರಿನ ಕಾವಲು ಅವರದು. ಫೋನ್ ಇಲ್ಲ, ಮಾತಿಲ್ಲ, ಬೊಂಡ ಕುಡಿಯುವುದೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಟೋಪಿ ಇನ್ನೊಬ್ಬರ ತಲೆಗೆ. ಎರಡನೇ ದಿನ ಸಂಜೆ ಟೋಪಿಯನ್ನು ಚಾಪೆ ಮೇಲಿಟ್ಟು ನಾನೂ ತಂಗಿಯೂ ಮಾತಿಗೆ ಕೂತೆವು. ಇವಳು ನೋಡುತ್ತಾಳೆ ಎಂದು ನಾನು, ಅಕ್ಕ ನೋಡುತ್ತಾಳೆ ಎಂದು ಅವಳು. ತಿರುಗಿ ನೋಡಿದರೆ ಮಗು ಇಪ್ಪತ್ತು ಹೆಜ್ಜೆ ಆಚೆ, ಒಂದು ಕೈಯಲ್ಲಿ ಚಮಚ ಹಿಡಿದು ನೇರ ಅಲೆ ಕಡೆಗೆ ನಡೆಯುತ್ತಿತ್ತು. ಓಡಿ ಎತ್ತಿಕೊಂಡಾಗ ನನ್ನ ಕೈ ನಡುಗುತ್ತಿತ್ತು. ಇಬ್ಬರು ನೋಡುತ್ತಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ. ಆಮೇಲೆ ಟೋಪಿ ತಲೆಯಿಂದ ತಲೆಗೇ ಹೋಯಿತು, ಚಾಪೆಗೆ ಇಳಿಯಲಿಲ್ಲ.

ನದಿ ಕಡಲು ಸೇರುವ ಅಳಿವೆಯ ಹತ್ತಿರ ಮಾತ್ರ ಯಾರನ್ನೂ ನೀರಿಗೆ ಬಿಡಬೇಡಿ. ನೋಡಲು ತುಂಬಾ ಚೆಂದ, ಸೂರ್ಯ ಮುಳುಗುವುದನ್ನು ನೋಡಲು ನಾವೂ ಹೋಗಿದ್ದೆವು. ಆದರೆ ಇಳಿತದಲ್ಲಿ ಹೊಳೆ ನೀರೆಲ್ಲ ಅಲ್ಲಿಂದಲೇ ಕಡಲಿಗೆ ನುಗ್ಗುತ್ತದೆ. ಮೇಲೆ ಸುಮ್ಮನಿದ್ದ ಹಾಗೆ ಕಾಣುವ ನೀರು ಕಾಲನ್ನು ಎಳೆಯುತ್ತದೆ. ಮನೆಯೊಡತಿ ಅಕ್ಕ ಮೊದಲ ದಿನವೇ ಇದನ್ನು ಎರಡು ಸಲ ಹೇಳಿದ್ದರು. ಹೊಳೆದಂಡೆಯಲ್ಲೂ ಚಿಪ್ಪು ಕಾಲು ಕೊಯ್ಯುತ್ತದೆ, ಚಪ್ಪಲಿ ಬಿಚ್ಚಬೇಡಿ.

ನಾಲ್ಕು ದಿನದಲ್ಲಿ ಪ್ರತಿ ಮಗುವಿಗೂ ಒಬ್ಬ ದೊಡ್ಡವರ ಜತೆ ಅರ್ಧ ದಿನ. ಸೇಂಟ್ ಮೇರೀಸ್ ದ್ವೀಪಕ್ಕೆ ಮಗ ಅಪ್ಪನ ಜತೆ ಹೋದ. ಮಲ್ಪೆಯಿಂದ ದೋಣಿ ಇದೆ, ಮಳೆಗಾಲದಲ್ಲಿ ಇರುವುದಿಲ್ಲ. ಕಂಬಗಳನ್ನು ಜೋಡಿಸಿಟ್ಟ ಹಾಗಿರುವ ಆ ಕರಿಕಲ್ಲುಗಳು ಎಂಟು ವರ್ಷದವನಿಗೆ ಹತ್ತಿ ಇಳಿಯಲು ಹೇಳಿ ಮಾಡಿಸಿದಂತಿವೆ, ಎರಡು ವರ್ಷದ್ದಕ್ಕೆ ಖಂಡಿತ ಬೇಡ. ಮಗಳು ನನ್ನ ಜತೆ ಕಾಪು ದೀಪಸ್ತಂಭ ಹತ್ತಿದಳು. 1901ರಲ್ಲಿ ಕಟ್ಟಿದ್ದು, ಸಂಜೆ ಮಾತ್ರ ಒಳಗೆ ಬಿಡುತ್ತಾರೆ. ಮೇಲೆ ನಿಂತು ಅವಳು ಕಾಲೇಜಿನ ಬಗ್ಗೆ ಮಾತಾಡಿದಳು. ಮನೆಯಲ್ಲಿ ವರ್ಷದಿಂದ ಆಡದ ಮಾತು ಅದು. ಅತ್ತೆಗೂ ಅರ್ಧ ದಿನ ಇಟ್ಟಿದ್ದೆ, ಕೃಷ್ಣ ಮಠಕ್ಕೆ.

ಮರಳು ಬಿಡಿಸುವ ಒಂದು ಪ್ರಯೋಗವೂ ಆಯಿತು. ಒದ್ದೆ ಮೈಗೆ ಅಂಟಿದ ಮರಳನ್ನು ಬಟ್ಟೆಯಿಂದ ಒರೆಸಿದರೆ ಮಗುವಿನ ಚರ್ಮ ಕೆಂಪಾಗುತ್ತದೆ. ಒಂದು ಕಾಲಿಗೆ ಅಕ್ಕಿ ಹಿಟ್ಟು, ಒಂದು ಕಾಲಿಗೆ ರಾಗಿ ಹಿಟ್ಟು ಹಚ್ಚಿ ನೋಡಿದೆ. ರಾಗಿ ಹಿಟ್ಟು ಮುದ್ದೆಯಾಗಿ ಅಂಟಿಕೊಂಡಿತು. ಅಕ್ಕಿ ಹಿಟ್ಟು ನೀರು ಹೀರಿಕೊಂಡು, ಕೈಯಲ್ಲಿ ಸವರಿದರೆ ಮರಳಿನ ಸಮೇತ ಉದುರಿಹೋಯಿತು. ಅರ್ಧ ಕೆಜಿ ನಾಲ್ಕು ದಿನಕ್ಕೆ ಬಂತು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ರೈಲು ಎರಡೂ ಕಡೆಗೆ ಹತ್ತೂವರೆ ಸಾವಿರ, ಮಗುವಿಗೆ ಟಿಕೆಟ್ ಇಲ್ಲ. ನಾಲ್ಕು ರಾತ್ರಿಗೆ ಮನೆ 14 ಸಾವಿರ. ಊಟ ಏಳೂವರೆ, ಆಟೋ ದೋಣಿ ಎಲ್ಲ ಸೇರಿ ನಾಲ್ಕು. ಒಟ್ಟು 36 ಸಾವಿರ, ಏಳು ಜನಕ್ಕೆ. ಬೆಳಗ್ಗೆ ನೀರ್ ದೋಸೆ ಅಥವಾ ಬನ್ಸ್, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಎಲ್ಲ ಆ ಅಕ್ಕನದೇ ಕೈಯಡುಗೆ. ಮಕ್ಕಳಿಗೆ ಖಾರ ಕಮ್ಮಿ ಮಾಡಿ ಬೇರೆ ಪಾತ್ರೆಯಲ್ಲಿ ಎತ್ತಿಡುತ್ತಿದ್ದರು.

ಮೊನ್ನೆ ಭಾವ ಫೋನ್ ಮಾಡಿದ್ದರು. ಅವರ ಮನೆಯಲ್ಲೂ ಹತ್ತನೇ ಕ್ಲಾಸಿನ ಹುಡುಗ, ಮೂರು ವರ್ಷದ ಮೊಮ್ಮಗಳು ಇದ್ದಾರೆ. "ಆ ಮನೆ ನಂಬರ್ ಕಳಿಸಮ್ಮಾ" ಅಂದರು. ಮೊದಲು ಪಂಚಾಂಗ ನೋಡಿ ಭಾವಾ, ನಂಬರ್ ಆಮೇಲೆ ಅಂದೆ.