ಸ್ಲೈಡ್ ಚೆನ್ನಾಗಿ ಬರಬೇಕೇ? ಮೈಕ್ರೋಟೋಮ್ ಮುಂದೆ ಅವಸರ ಬೇಡ

ಮೈಕ್ರೋಸ್ಕೋಪಿನಲ್ಲಿ ಚಿತ್ರ ಮಸುಕಾಗಿ ಬಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಕ್ಯಾಮೆರಾ ಸೆಟ್ಟಿಂಗಿಗೆ. ಹಿಸ್ಟಾಲಜಿ (ಅಂಗಾಂಶಗಳ ಅಧ್ಯಯನ) ಲ್ಯಾಬಿಗೆ ಹೊಸದಾಗಿ ಬರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಇದನ್ನು ಸದಾ ನೋಡುತ್ತೇನೆ. ಎಡವಟ್ಟು ಮಾತ್ರ ಬಹುಪಾಲು ಮೈಕ್ರೋಟೋಮ್ ಯಂತ್ರದಲ್ಲಿ ಅಂಗಾಂಶದ ತೆಳು ಪದರ (ಸೆಕ್ಷನ್) ಕತ್ತರಿಸುವಾಗಲೇ ಆಗಿಹೋಗಿರುತ್ತದೆ.

ಮೊದಲು ಫಿಕ್ಸೇಷನ್, ಅಂದರೆ ಅಂಗಾಂಶ ಕೆಡದಂತೆ ಕಾಪಾಡುವುದು. ಅಂಗಾಂಶ ಕೈಗೆ ಬಂದ ಕೂಡಲೇ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ತುಂಡು 3-4 ಮಿ.ಮೀ. ದಪ್ಪ ಸಾಕು, ದ್ರವ ಅದರ ಗಾತ್ರದ 10 ಪಟ್ಟಾದರೂ ಇರಲಿ. 24 ಗಂಟೆ ಬಿಡಿ. ಬಫರ್ ಇಲ್ಲದ ಫಾರ್ಮಲಿನ್ ಬೇಡವೇ ಬೇಡ. ಅದು ಆಮ್ಲೀಯವಾದಾಗ ರಕ್ತ ಇರುವ ಕಡೆಯೆಲ್ಲ ಕಂದು ಕಣಗಳು ಕೂರುತ್ತವೆ.

ಆಮೇಲೆ ಏರಿಕೆಯ ಕ್ರಮದಲ್ಲಿ ಆಲ್ಕೋಹಾಲ್, ಝೈಲೀನ್, ಕರಗಿದ ಪ್ಯಾರಾಫಿನ್ ಮೇಣ. ಇದನ್ನು ಟಿಶ್ಯೂ ಪ್ರೊಸೆಸರ್ ನೋಡಿಕೊಳ್ಳುತ್ತದೆ. ಎಂಬೆಡಿಂಗ್‌ನಲ್ಲಿ, ಅಂದರೆ ಅಂಗಾಂಶವನ್ನು ಮೇಣದ ಬ್ಲಾಕ್‌ನಲ್ಲಿ ಹುದುಗಿಸುವಾಗ, ಚರ್ಮ, ಕರುಳಿನಂಥವನ್ನು ಅಂಚಿನ ಮೇಲೆ ನಿಲ್ಲಿಸಿ. ಆಗಲೇ ಎಲ್ಲ ಪದರಗಳೂ ಒಂದೇ ಸೆಕ್ಷನ್‌ನಲ್ಲಿ ಕಾಣುವುದು.

ಈಗ ಮೈಕ್ರೋಟೋಮ್. ಅಂಗಾಂಶದ ಪೂರ್ತಿ ಮುಖ ಕಾಣುವವರೆಗೆ 10-15 ಮೈಕ್ರಾನ್‌ನಲ್ಲಿ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಟ್ರಿಮ್ ಮಾಡಿ, ಅಂದರೆ ಮೇಲಿನ ಮೇಣ ಸವರಿ ತೆಗೆಯಿರಿ. ಜಾಸ್ತಿ ದಪ್ಪಕ್ಕೆ ಟ್ರಿಮ್ ಮಾಡಿದರೆ ಅಂಗಾಂಶ ಕಿತ್ತು ಬಂದು ತೂತು ಬೀಳುತ್ತದೆ. ನಂತರ ಬ್ಲಾಕನ್ನು ಕರಗುತ್ತಿರುವ ಐಸ್ ಮೇಲೆ ಮುಖ ಕೆಳಗಾಗಿ ಹತ್ತು ನಿಮಿಷ ಇಡಿ. ಮೇಣ ಗಟ್ಟಿಯಾಗುತ್ತದೆ, ಅಂಗಾಂಶ ಸ್ವಲ್ಪ ನೀರು ಹೀರಿ ಮೆತ್ತಗಾಗುತ್ತದೆ. ಬಹಳ ಜನ ಬಿಡುವ ಹಂತ ಇದೇ. ಟ್ರಿಮ್ ಮಾಡಿದ ಬ್ಲೇಡಿನ ಜಾಗ ಬಿಟ್ಟು, ಹೊಸ ಅಂಚಿನಲ್ಲಿ 4 ಮೈಕ್ರಾನ್‌ಗೆ ಕತ್ತರಿಸಿ. ಚಕ್ರ ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಲಿ. ಬ್ಲಾಕ್ ಮುಟ್ಟುವ ಮೊದಲು ಪ್ರತಿ ಸಲವೂ ಚಕ್ರಕ್ಕೆ ಲಾಕ್ ಹಾಕಿ, ಬ್ಲೇಡಿನ ಗಾರ್ಡ್ ಮುಚ್ಚಿ.

ಸೆಕ್ಷನ್‌ಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಬರುತ್ತಿದ್ದಂತೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಕತ್ತರಿಸುವ ದಿಕ್ಕಿನಲ್ಲೇ ಉದ್ದ ಗೆರೆ ಇದ್ದರೆ ಬ್ಲೇಡ್ ಮುಕ್ಕಾಗಿದೆ, ಇಲ್ಲವೇ ಬ್ಲಾಕ್‌ನಲ್ಲಿ ಸುಣ್ಣದ ಕಣದಂಥದ್ದು ಏನೋ ಸಿಕ್ಕಿಕೊಂಡಿದೆ. ಅಡ್ಡಡ್ಡ ಪಟ್ಟೆ ಬಂದರೆ ಬ್ಲಾಕೋ ಬ್ಲೇಡೋ ಸಡಿಲವಾಗಿದೆ, ಅಥವಾ ಬ್ಲೇಡಿನ ಕೋನ ಹೆಚ್ಚಾಗಿದೆ. ಸೆಕ್ಷನ್ ಮುದುಡಿ ಗಿಡ್ಡಾಗುತ್ತಿದ್ದರೆ ಬ್ಲಾಕ್ ಬೆಚ್ಚಗಾಗಿದೆ ಅಥವಾ ಬ್ಲೇಡ್ ಮೊಂಡಾಗಿದೆ. ಹಾಗಾದಾಗ ಸುಮ್ನೆ ಚಕ್ರ ತಿರುಗಿಸುತ್ತಾ ಹೋಗಬೇಡಿ. ಸಿಗದ ಸೆಕ್ಷನ್‌ಗಾಗಿ ಅಮೂಲ್ಯ ಮಾದರಿ ಕಸಕ್ಕೆ ಹೋಗುತ್ತದೆ. ಕೆಲವರು ಬ್ಲಾಕ್ ಮೇಲೆ ಬಾಯಿಂದ ಉಸಿರು ಬಿಡುತ್ತಾರೆ. ರಿಬ್ಬನ್ ಸಲೀಸಾಗಿ ಬರುತ್ತದೆ ನಿಜ, ಆದರೆ ಬೆಚ್ಚಗಾದ ಮೇಣ ಹಿಗ್ಗಿ ಸೆಕ್ಷನ್ ದಪ್ಪವಾಗುತ್ತದೆ. ಅಳತೆ ಮಾಡುವ ಪ್ರಯೋಗಕ್ಕೆ ಇದು ಖಂಡಿತ ಸಲ್ಲದು.

ರಿಬ್ಬನ್ ತೇಲಿಸುವ ಬಿಸಿನೀರಿನ ತೊಟ್ಟಿ (ವಾಟರ್ ಬಾತ್) 40-45 ಡಿಗ್ರಿ ಸೆಲ್ಸಿಯಸ್ ಇರಲಿ. ರಿಬ್ಬನ್‌ನ ಹೊಳಪಿನ ಬದಿ ಕೆಳಗಿರಬೇಕು. ಅದರ ತುದಿಯನ್ನು ನೀರಿಗೆ ತಾಗಿಸಿ, ಉಳಿದದ್ದನ್ನು ತುಸು ಎಳೆದು ಹಿಡಿದೇ ಇಳಿಸಿ. ಇಸ್ತ್ರಿ ಹಾಕಿದ ಬಟ್ಟೆಯಂತೆ ಸುಕ್ಕು ಬಿಡಿಸಿಕೊಳ್ಳುತ್ತದೆ. ನೀರು ಜಾಸ್ತಿ ಬಿಸಿಯಾದರೆ ಅಂಗಾಂಶ ಒಡೆದು ಜೀವಕೋಶಗಳ ನಡುವೆ ಬಿರುಕು ಬೀಳುತ್ತದೆ. ಪ್ರತಿ ಬ್ಲಾಕ್ ಆದ ಮೇಲೆ ಟಿಶ್ಯೂ ಪೇಪರ್‌ನಿಂದ ನೀರಿನ ಮೇಲ್ಮೈ ಒರೆಸಲೇಬೇಕು. ಹಿಂದಿನ ಮಾದರಿಯ ಚೂರೊಂದು ತೇಲಿಬಂದು ನಿಮ್ಮ ಸ್ಲೈಡಿಗೆ ಅಂಟಿದರೆ ಫಲಿತಾಂಶವೇ ತಪ್ಪಾಗಬಹುದು, ಅಲ್ವಾ? ಸ್ಲೈಡನ್ನು ನೆಟ್ಟಗೆ ಅದ್ದಿ ಎತ್ತಿ, ನಿಲ್ಲಿಸಿ ನೀರು ಪೂರ್ತಿ ಸೋರಲು ಬಿಡಿ. ಆಮೇಲಷ್ಟೇ 60 ಡಿಗ್ರಿ ಓವನ್. ಅಡಿಯಲ್ಲಿ ನೀರು ಉಳಿದರೆ ಬಣ್ಣ ಹಾಕುವಾಗ ಸೆಕ್ಷನ್ ಎದ್ದು ತೇಲಿಹೋಗುತ್ತದೆ. ಸಾದಾ ಸ್ಲೈಡಿಗಿಂತ, ಸೆಕ್ಷನ್ ಗಟ್ಟಿಯಾಗಿ ಅಂಟಲೆಂದು ವಿದ್ಯುದಾವೇಶ ಕೊಟ್ಟಿರುವ ಚಾರ್ಜ್ಡ್ ಸ್ಲೈಡೇ ವಾಸಿ.

ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕುವುದು ನಿಮ್ಮ ಲ್ಯಾಬಿನ ಪಟ್ಟಿಯಂತೆಯೇ ನಡೆಯಲಿ. ಸೆಕ್ಷನ್ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್‌ನಲ್ಲಿ ಮಾತ್ರ ಉಳಿತಾಯ ಬೇಡ. ಹೆಚ್ಚಿನ ಲೆನ್ಸ್‌ಗಳ ಮೇಲೆ 0.17 ಎಂದು ಬರೆದಿರುತ್ತದೆ. ಅಷ್ಟು ಮಿ.ಮೀ. ದಪ್ಪದ ಗಾಜಿಗೆಂದೇ ಅವನ್ನು ಮಾಡಿರುತ್ತಾರೆ. ದಪ್ಪ ಒಂದೇ ಸಮ ಇಲ್ಲದ ಕವರ್‌ಸ್ಲಿಪ್ ಹಾಕಿದರೆ 40 ಪಟ್ಟಿನ ಲೆನ್ಸ್‌ನಲ್ಲಿ ಚಿತ್ರ ಮಬ್ಬಾಗುತ್ತದೆ.

ಚಿತ್ರ ತೆಗೆಯುವ ಮುನ್ನ ಬೆಳಕನ್ನು ಕೋಲರ್ ವಿಧಾನದಲ್ಲಿ, ಅಂದರೆ ಕಾಣುವ ಜಾಗದ ತುಂಬ ಒಂದೇ ಸಮ ಬೀಳುವಂತೆ, ಹೊಂದಿಸಿ. ಆಗಸ್ಟ್ ಕೋಲರ್ ಅದನ್ನು 1893ರಲ್ಲೇ ವಿವರಿಸಿದ್ದರು, ಇವತ್ತಿಗೂ ಅದೇ ನಡೆಯುತ್ತದೆ. ಅಂಗಾಂಶ ಇಲ್ಲದ ಖಾಲಿ ಜಾಗದಲ್ಲಿ ವೈಟ್ ಬ್ಯಾಲೆನ್ಸ್ ಮಾಡಿ. ಹೋಲಿಸಬೇಕಾದ ಎಲ್ಲ ಸ್ಲೈಡಿಗೂ ಬೆಳಕು, ಎಕ್ಸ್‌ಪೋಷರ್ ಒಂದೇ ಇರಲಿ. ಸ್ಕೇಲ್ ಬಾರ್ ಹಾಕಿ. ಮೂಲ ಚಿತ್ರವನ್ನು ಟಿಫ್ ರೂಪದಲ್ಲೇ ಉಳಿಸಿ. ಜೇಪೆಗ್‌ನಲ್ಲಿ ಕಳೆದುಹೋದ ವಿವರ ಮತ್ತೆ ಸಿಗುವುದಿಲ್ಲ.